ಮಂಗಳ ಗ್ರಹಕ್ಕೊಬ್ಬ ಸಲಹೆಗಾರ

ಸೈನ್ಸ್ ಫಿಕ್ಷನ್ ಸಿನಿಮಾ ಹೇಗಿರಬೇಕು ಎಂದು ಬಂಗಾರಪೇಟೆಯಲ್ಲಿ ಬಲ್ಲವನು ಒಬ್ಬನಿದ್ದರೆ ಅದು ತಾನೇ ಎಂದು ನಾಗೇಶ ನಂಬಿದ್ದ. ಈ ವಿಷಯದಲ್ಲಿ ಅವನಿಗೆ ಎದುರಾಳಿಗಳೂ ಇರಲಿಲ್ಲ, ಊರಿನಲ್ಲಿ ಇನ್ಯಾರಿಗೂ ಆ ಪಟ್ಟ ಬೇಕಿರಲಿಲ್ಲವಲ್ಲ. ಬೆಂಗಳೂರಿನ ಒಂದು ಕನ್ನಡಕದ ಅಂಗಡಿಯಲ್ಲಿ ಅವನಿಗೆ ಕೆಲಸ. ಬೆಳಗಿನ ರೈಲಿನಲ್ಲಿ ಅರ್ಧ ಸಿನಿಮಾ, ಸಂಜೆಯ ರೈಲಿನಲ್ಲಿ ಉಳಿದರ್ಧ. ಹೀಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಿಂತೇ ಪ್ರಯಾಣ ಮಾಡಿ, ಅವನು ನೋಡದೆ ಬಿಟ್ಟ ಬಾಹ್ಯಾಕಾಶದ ಸಿನಿಮಾ ಯಾವ ಭಾಷೆಯಲ್ಲೂ ಉಳಿದಿರಲಿಲ್ಲ. ಭಾನುವಾರ ಕೊಟ್ಟಿಗೆಯ ಗೋಡೆಗೆ ನೀಲಿ ಬೆಡ್‌ಶೀಟ್ ಕಟ್ಟಿ, ಅದರ ಮುಂದೆ ಕೂತು, ‘ಗಗನ ವಿಮರ್ಶೆ’ ಎಂಬ ಹೆಸರಿನಲ್ಲಿ ಯೂಟ್ಯೂಬಿಗೆ ವಿಡಿಯೊ ಹಾಕುತ್ತಿದ್ದ. ನಡುನಡುವೆ ಸೀಮೆ ಹಸು ಅಂಬಾ ಎನ್ನುವುದು ಕೇಳಿಸುತ್ತಿತ್ತು. ನೋಡಿದವರಲ್ಲಿ ಹೆಚ್ಚಿನವರು ಹಸು ಎಷ್ಟು ಲೀಟರ್ ಕೊಡುತ್ತದೆ ಎಂದು ಕಾಮೆಂಟ್ ಹಾಕುತ್ತಿದ್ದರು.

‘ಆಕಾಶದಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲ ಅಂದ್ರೆ ಸದ್ದಿಲ್ಲ,’ ಎಂದು ಅವನು ಮೊಬೈಲಿಗೆ ಬೆರಳು ತೋರಿಸಿ ಹೇಳುತ್ತಿದ್ದ. ‘ರಾಕೆಟ್ ಒಡೆದಾಗ ಢಂ ಅಂತ ಕೇಳಿಸ್ತೋ, ಆ ಸಿನಿಮಾ ಅಲ್ಲೇ ಸತ್ತೋಯ್ತು. ಬೇರೆ ಗ್ರಹದವನಿಗೆ ನಮ್ಮಂಗೆ ಎರಡು ಕಣ್ಣು ಒಂದು ಮೂಗು ಇರಬಾರ್ದು. ಇನ್ನು ಹಾಡು ಬಂತೂ ಅಂದ್ರೆ, ನಾನು ಅಲ್ಲಿಗೇ ಆಫ್ ಮಾಡ್ತೀನಿ.’

‘ಮೊದ್ಲು ಆ ಬೆಡ್‌ಶೀಟ್ ಬಿಚ್ಚಿ ಕೊಡ್ರಿ, ಒಗೀಬೇಕು,’ ಎನ್ನುತ್ತಿದ್ದಳು ಹೆಂಡತಿ ಸುಮಲತ, ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೊರಡುತ್ತಾ. ಕೊನೆಯವರೆಗೂ ಕೂತು ಕೇಳುತ್ತಿದ್ದವಳು ತಾಯಿ ಚಿಕ್ಕವೆಂಕಟಮ್ಮ ಒಬ್ಬಳೇ. ಎಲ್ಲಾ ಕೇಳಿಯಾದ ಮೇಲೆ ಅವಳು ಎಲೆಯಡಿಕೆ ಬಾಯಿಗಿಟ್ಟುಕೊಂಡು, ‘ಆಡೇ ಇಲ್ದಿದ್ರೆ ಅದ್ಯಾತರ ಸಿನ್ಮಾನ್ಲಾ?’ ಎಂದು ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಕೆಜಿಎಫ್‌ನ ಊರಿಗಾಂನಿಂದ ಆರುಮುಗಂ ಬೈಕು ಹತ್ತಿ ಬಂದ. ಆರುಮುಗಂ ಮತ್ತು ನಾಗೇಶ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಬೆಳೆದವರು. ಇಬ್ಬರ ಅಪ್ಪಂದಿರೂ ಕೋರಮಂಡಲ್ ಗಣಿಯಲ್ಲಿ ಒಂದೇ ಪಾಳಿಯಲ್ಲಿ ಕೆಳಗಿಳಿಯುತ್ತಿದ್ದವರು. ಗಣಿ ಮುಚ್ಚಿದ ಮೇಲೆ ನಾಗೇಶನ ಮನೆಯವರು ಬಂಗಾರಪೇಟೆಗೆ ಬಂದು ಹಸು ಕಟ್ಟಿದರು, ಆರುಮುಗಂ ಅಲ್ಲೇ ಉಳಿದ. ಈಗ ಕೆಜಿಎಫ್‌ಗೆ ಶೂಟಿಂಗಿಗೆ ಬರುವವರಿಗೆ ಜೀಪು, ಊಟ, ಜನ, ಎಲ್ಲವನ್ನೂ ಹೊಂದಿಸಿಕೊಡುವುದು ಅವನ ಕಸುಬು.

‘ಮಚ್ಚಾ, ಮಂಗಳ ಗ್ರಹದ ಸಿನಿಮಾ ಮಾಡ್ತಾವ್ರೆ. ನಮ್ಮ ಸೈನೈಡ್ ಗುಡ್ಡದ ಮೇಲೆ,’ ಎಂದ. ‘ಡೈರೆಕ್ಟರಿಗೆ ಸೈನ್ಸ್ ಗೊತ್ತಿರೋ ಆಳು ಬೇಕಂತೆ. ನಿನ್ನ ಹೆಸ್ರು ಹೇಳ್ಬಿಟ್ಟಿದೀನಿ.’

ಗಣಿಯ ಕಲ್ಲನ್ನು ಅರೆದು, ಚಿನ್ನ ಬೇರೆ ಮಾಡಿ, ಉಳಿದದ್ದನ್ನು ಸುರಿದು ಸುರಿದು ಬೆಳೆದ ಆ ಬೋಳು ಮಣ್ಣಿನ ಗುಡ್ಡಗಳ ಮೇಲೆ ನಾಗೇಶ ಹುಡುಗನಾಗಿದ್ದಾಗ ಜಾರುಬಂಡೆ ಆಡಿದ್ದ. ಅವು ಮಂಗಳ ಗ್ರಹ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅಂಗಡಿಗೆ ರಜೆ ಹಾಕಿ ಹೋದ. ಗುಡ್ಡದ ಮೇಲೆ ಹಳೆಯ ಸಿಂಟೆಕ್ಸ್ ಟ್ಯಾಂಕಿಗೆ ಬೆಳ್ಳಿ ಬಣ್ಣ ಬಳಿದು ರಾಕೆಟ್ ನಿಲ್ಲಿಸಿದ್ದರು. ಪಕ್ಕದಲ್ಲಿ ಒಂದು ಮಡಚುವ ಕುರ್ಚಿ. ಅದರ ಬೆನ್ನಿಗೆ ‘ವಿಜ್ಞಾನ ಸಲಹೆಗಾರರು’ ಎಂದು ಬರೆದಿತ್ತು. ನಾಗೇಶ ಜೀವಮಾನದಲ್ಲಿ ರೈಲಿನಲ್ಲೂ ಕೂರಲು ಜಾಗ ಕಂಡವನಲ್ಲ. ಆ ಕುರ್ಚಿಯನ್ನು ನೋಡಿ ಅವನ ಎದೆ ತುಂಬಿ ಬಂತು.

ನಿರ್ದೇಶಕ ಶ್ರೀಧರ್ ಚಿಕ್ಕ ವಯಸ್ಸಿನವನು, ಬಲು ವಿನಯವಂತ.

‘ಸರ್, ಇಲ್ಲಿ ನಮ್ಮ ಹೀರೋ ಗ್ರಹದ ಮೇಲೆ ಇಳಿದು ಹೆಲ್ಮೆಟ್ ತೆಗೀತಾರೆ,’ ಎಂದ.

‘ತೆಗೆದ್ರೆ ಸತ್ತೋಗ್ತಾರೆ ಸಾರ್,’ ಎಂದ ನಾಗೇಶ, ಗಂಭೀರವಾಗಿ.

‘ಸಾಯೋ ಹಾಗಿಲ್ಲ, ಇನ್ನೂ ಎರಡು ಫೈಟ್ ಬಾಕಿ ಇದೆ. ಮುಖ ಕಾಣದಿದ್ರೆ ಅಭಿಮಾನಿಗಳು ಪರದೆ ಹರೀತಾರೆ. ಅವರು ಯಾಕೆ ಸಾಯಲ್ಲ ಅಂತ ಹೇಳೋಕೆ ತಾನೇ ನಿಮ್ಮನ್ನ ಕರೆಸಿರೋದು?’

ನಾಗೇಶ ಕುರ್ಚಿಯ ಕೈಯನ್ನು ಹಿಡಿದುಕೊಂಡ. ಸಿನಿಮಾ ಅಲ್ಲೇ ಸತ್ತಿತ್ತು, ತನ್ನ ಮಾತಿನ ಪ್ರಕಾರ ಅವನು ಎದ್ದು ಹೋಗಬೇಕಿತ್ತು. ಆದರೆ ಎದ್ದರೆ ಕುರ್ಚಿ ಹೋಗುತ್ತದೆ.

‘ಹೀರೋ ಚಿಕ್ಕಂದಿನಲ್ಲಿ ಪ್ರಾಣಾಯಾಮ ಕಲಿತಿರ್ತಾರೆ,’ ಎಂದುಬಿಟ್ಟ. ‘ಉಸಿರು ಕಟ್ಟೋದು ಅಭ್ಯಾಸ.’

ಶ್ರೀಧರ್ ಅವನನ್ನು ತಬ್ಬಿಕೊಂಡ. ಕ್ಯಾಮೆರಾದವರಿಂದ ಹಿಡಿದು ಟೀ ಕೊಡುವವರವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾಗೇಶನಿಗೆ ಅಡ್ಡಿಯೇ ಇರಲಿಲ್ಲ. ರಾಕೆಟ್ ಢಂ ಎನ್ನಬೇಕೆ? ಮಂಗಳದ ಧೂಳಿನಲ್ಲಿ ಕಬ್ಬಿಣ ಇದೆ, ಧೂಳೇ ಗಂಟೆಯಂತೆ ಮೊಳಗುತ್ತದೆ. ಹಾಡು ಬೇಕೆ? ಆ ಗ್ರಹದಲ್ಲಿ ಮಾತಾಡಿದರೇನೇ ರಾಗ ಬರುತ್ತದೆ, ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಹಾಡಾಗುತ್ತದೆ. ನಾಯಕಿ ಚಳಿಯಿಲ್ಲದೆ ತೆಳು ಸೀರೆಯಲ್ಲಿ ಓಡಬೇಕೆ? ಪ್ರೀತಿಯಿಂದ ಮೈ ಬಿಸಿಯಾಗುವುದು ವಿಜ್ಞಾನ ಒಪ್ಪಿದ ಮಾತು. ಇಷ್ಟು ವರ್ಷ ಸಿನಿಮಾಗಳ ತಪ್ಪು ಹುಡುಕಿದವನಿಗೆ, ತಪ್ಪಿಗೆ ಕಾರಣ ಹುಟ್ಟಿಸುವುದು ನೀರು ಕುಡಿದಷ್ಟು ಸಲೀಸು ಎಂದು ಗೊತ್ತಾಗಿ ಅವನಿಗೇ ಆಶ್ಚರ್ಯವಾಯಿತು.

ಮಂಗಳ ಗ್ರಹದ ಪ್ರಜೆಗಳನ್ನು ಆರುಮುಗಂ ಎರಡು ಟೆಂಪೋದಲ್ಲಿ ಕರೆತಂದ. ಊರಿಗಾಂ, ಕೋರಮಂಡಲ್ ಲೈನುಗಳ ಹೆಂಗಸರು, ಮುದುಕರು. ಎಲ್ಲರಿಗೂ ಹಸಿರು ಬಣ್ಣ ಬಳಿದು, ತಲೆಗೆ ಸ್ಪ್ರಿಂಗು ಸಿಕ್ಕಿಸಿ ಸಾಲಾಗಿ ಕೂರಿಸಿದರು. ನಾಗೇಶ ಅವರ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿರುವಾಗ ಒಂದು ಹಸಿರು ಮುದುಕಿ ಅವನ ಪ್ಯಾಂಟು ಹಿಡಿದೆಳೆಯಿತು.

‘ಏನ್ಲಾ ನಾಗ, ಉಂಡ್ಯಾ?’

‘ಅಮ್ಮ! ನೀನ್ಯಾಕಮ್ಮ ಬಂದೆ?’

‘ಆರುಮುಗಂ ಕರ್ದ, ಬಂದೆ. ನಮ್ ಲೈನ್‌ನೋರೆಲ್ಲ ಒಟ್ಗೆ ಸೇರಿ ಎಷ್ಟ್ ವರ್ಸ ಆಯ್ತೋ,’ ಎಂದಳು ಚಿಕ್ಕವೆಂಕಟಮ್ಮ. ಅಷ್ಟರಲ್ಲಿ ಬಣ್ಣ ಅವಳ ಕಣ್ಣಿಗೆ ಇಳಿಯಿತು. ಅವಳು ಮೇಕಪ್ಪಿನವನ ಕಡೆ ತಿರುಗಿ ಕೆಜಿಎಫ್‌ನಲ್ಲಿ ಕಲಿತ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳಲ್ಲಿ ಒಟ್ಟಿಗೆ ಶುರುಮಾಡಿದಳು: ‘ಏಮಪ್ಪಾ, ಗೋಡೆಗೆ ಸುಣ್ಣ ಬಳ್ದಂಗೆ ಬಳಿತೀಯಾ? ಕಣ್ಣು ಎರಿಯುದುಪ್ಪಾ! ತಣ್ಣಿ ಕುಡು! ನೀಳ್ಳು ತೀಸ್ಕೊನಿ ರಾ! ನಿನ್ ಕೈ ಸೇದೋಗ!’

ಶ್ರೀಧರ್ ದೂರದಿಂದ ಓಡಿ ಬಂದ. ಮಂಗಳದ ಭಾಷೆಯೊಂದನ್ನು ಬೆಂಗಳೂರಿನ ಪಂಡಿತರೊಬ್ಬರಿಂದ ಬರೆಸಿದ್ದ, ಅದು ಯಾರ ನಾಲಿಗೆಗೂ ಹೊರಳದೆ ಎರಡು ದಿನದಿಂದ ಶೂಟಿಂಗ್ ನಿಂತಿತ್ತು.

‘ಅದ್ಭುತ! ಸರ್, ಇದು ಯಾವ ಭಾಷೆ?’

ಅಮ್ಮ ನೀರು ಕೇಳುತ್ತಿದ್ದಾಳೆ ಎಂದು ನಾಗೇಶ ಹೇಳಬಹುದಿತ್ತು. ‘ಅಲ್ಲಿಯ ಭಾಷೆನೇ ಸಾರ್,’ ಎಂದ.

‘ಅರ್ಥ?’

‘ಭೂಮಿಯ ವೀರನೇ, ನಿನಗೆ ಸ್ವಾಗತ ಅಂತ.’

ಚಿಕ್ಕವೆಂಕಟಮ್ಮನಿಂದ ಅದೇ ಮಾತನ್ನು ಹೀರೋ ಮುಂದೆ ಮೂರು ಸಲ ಹೇಳಿಸಿದರು. ಪ್ರತಿ ಸಲವೂ ಅವಳಿಗೆ ನಿಜವಾಗಿಯೇ ಸಿಟ್ಟು ಬರುತ್ತಿದ್ದುದರಿಂದ ಅಭಿನಯ ಚೆನ್ನಾಗಿಯೇ ಬಂತು.

ಕೊನೆಯ ದಿನ ಗೇಟಿನ ದೃಶ್ಯ. ಭೂಮಿಯಿಂದ ಬಂದ ಕಂಪನಿಯೊಂದು ಮಂಗಳದ ಚಿನ್ನವನ್ನೆಲ್ಲ ಅಗೆದು, ಇನ್ನು ಲಾಭವಿಲ್ಲವೆಂದು ಗೇಟು ಮುಚ್ಚಿ ಹೊರಟುಹೋಗುತ್ತದೆ. ಪ್ರಜೆಗಳು ಗೇಟಿನ ಮುಂದೆ ಗೋಳಾಡಬೇಕು, ಹೀರೋ ಬಂದು ಕಣ್ಣೀರು ಒರೆಸಿ ಹಾಡಬೇಕು.

‘ಈ ಕತೆ ಎಲ್ಲಿಂದ ತಂದ್ರಿ ಸಾರ್?’ ಎಂದು ಕೇಳಿದ ಆರುಮುಗಂ.

‘ಪೂರ್ತಿ ಕಲ್ಪನೆ,’ ಎಂದ ಶ್ರೀಧರ್. ‘ಕಾಫಿ ಕುಡೀತಾ ಇರೋವಾಗ ಹೊಳೀತು. ಇಂಥದ್ದು ಭೂಮಿ ಮೇಲೆ ಎಲ್ಲೂ ನಡೆದಿರಬಾರದು, ಅದೇ ಸೈನ್ಸ್ ಫಿಕ್ಷನ್ನಿನ ಗಮ್ಮತ್ತು. ಅಲ್ವಾ ಸರ್?’

ಆರುಮುಗಂ ಶ್ರೀಧರನ ಬೆನ್ನ ಹಿಂದೆ ತುಕ್ಕು ಹಿಡಿದು ನಿಂತಿದ್ದ ಗಣಿಯ ಕಬ್ಬಿಣದ ಗೋಪುರವನ್ನೊಮ್ಮೆ ನೋಡಿದ. ‘ಸೂಪರ್ ಕಲ್ಪನೆ ಸಾರ್,’ ಎಂದ.

ಥರ್ಮೋಕೋಲಿನ ಗೇಟು ಮುಚ್ಚಿತು. ‘ಎದೆ ಬಡ್ಕೊಳ್ಳಿ! ಉರುಳಾಡಿ!’ ಎಂದು ಮೈಕಿನಲ್ಲಿ ಕೂಗಿದರು. ಆ್ಯಕ್ಷನ್ ಎಂದಾಗ ಯಾರೂ ಎದೆ ಬಡಿದುಕೊಳ್ಳಲಿಲ್ಲ. ಹಸಿರು ಜನ ಸುಮ್ಮನೆ ನಿಂತರು. ಮುದುಕರಲ್ಲೊಬ್ಬ ಹೆಗಲ ಟವಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಚಿಕ್ಕವೆಂಕಟಮ್ಮ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗೇಟು ಇನ್ನೇನು ತೆರೆಯಬಹುದು, ಒಳಗಿನಿಂದ ಯಾರೋ ಬರಬಹುದು ಎನ್ನುವಂತೆ ನೋಡುತ್ತಾ ನಿಂತಳು. ಗಣಿ ಮುಚ್ಚಿದ ದಿನವೂ ಅವಳು ಹೀಗೇ ನಿಂತಿದ್ದಳು. ಕಾಲೇಜಿಗೆ ಹೋಗುತ್ತಿದ್ದ ನಾಗೇಶ ಅವಳ ಪಕ್ಕದಲ್ಲೇ ಇದ್ದ. ಕೊನೆಗೆ ಹೊರಗೆ ಬಂದ ಅಪ್ಪ ಊಟದ ಕ್ಯಾರಿಯರನ್ನು ತೆರೆಯದೆ ಹಾಗೆಯೇ ಹಿಂದಕ್ಕೆ ತಂದಿದ್ದ.

‘ಯಾಕೆ ಅಳ್ತಿಲ್ಲ ಇವರು? ಸರ್, ಏನಾದ್ರೂ ಹೇಳಿ,’ ಎಂದ ಶ್ರೀಧರ್.

ಈ ಸಲ ನಾಗೇಶ ಕಾರಣ ಹುಟ್ಟಿಸಲಿಲ್ಲ.

‘ಅಳಲ್ಲ ಸಾರ್ ಅವ್ರು. ಅವತ್ತೂ ಅಳ್ಲಿಲ್ಲ.’

‘ಯಾವತ್ತು?’

ನಾಗೇಶ ಉತ್ತರ ಕೊಡುವ ಮೊದಲೇ ಕ್ಯಾಮೆರಾದವನು ಬೆಳಕು ಹೋಗುತ್ತಿದೆ ಎಂದು ಕೂಗಿದ. ‘ಇರಲಿ ಬಿಡಿ,’ ಎಂದ ಶ್ರೀಧರ್, ‘ಹಿಂದೆ ಕಾಮಿಡಿ ಮ್ಯೂಸಿಕ್ ಹಾಕ್ಕೊಂಡ್ರೆ ಆಯ್ತು.’

ಬೇಸಿಗೆಯಲ್ಲಿ ಸಿನಿಮಾ ಬಂಗಾರಪೇಟೆಗೆ ಬಂತು. ಊರಿಗಾಂ, ಕೋರಮಂಡಲ್‌ನಿಂದ ಜನ ಆಟೋ ಮಾಡಿಕೊಂಡು ಬಂದರು. ಟೈಟಲ್‌ನಲ್ಲಿ ‘ವಿಜ್ಞಾನ ಸಲಹೆ: ನಾಗೇಶ್ವರಿ’ ಎಂದು ಬಂದು ಹೋಯಿತು. ಸುಮಲತ ಪಕ್ಕದಲ್ಲಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ರಾಕೆಟ್ ಢಂ ಎಂದಿತು, ಹೀರೋ ಉಸಿರು ಕಟ್ಟಿ ಹಾಡಿದ. ಚಿಕ್ಕವೆಂಕಟಮ್ಮ ಪರದೆಯ ಮೇಲೆ ನೀರು ಕೇಳಿ ಶಾಪ ಹಾಕಿದಾಗ, ಕೆಳಗೆ ‘ಭೂಮಿಯ ವೀರನೇ, ಸ್ವಾಗತ’ ಎಂದು ಬಂದದ್ದೇ ತಡ, ಇಡೀ ಥಿಯೇಟರ್ ಕುರ್ಚಿಯಿಂದ ಬಿದ್ದು ನಕ್ಕಿತು. ‘ತಣ್ಣಿ ಕುಡುಂಗಡಾ, ಅಜ್ಜಿಗೆ ನೀರು ಕೊಡ್ರೋ!’ ಎಂದು ಯಾರೋ ಬಾಲ್ಕನಿಯಿಂದ ಕೂಗಿದರು.

ಇಂಟರ್‌ವಲ್ಲಿಗೆ ಸ್ವಲ್ಪ ಮೊದಲು ಗೇಟು ಮುಚ್ಚಿತು. ಪರದೆಯ ತುಂಬ ಹಸಿರು ಮುಖಗಳು, ಸುಮ್ಮನೆ ನಿಂತವು. ಹಿಂದೆ ಟೊಂಯ್ ಟೊಂಯ್ ಎಂದು ನಗೆಯ ಸಂಗೀತ ಬರುತ್ತಲೇ ಇತ್ತು, ಆದರೆ ಯಾರೂ ನಗಲಿಲ್ಲ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಅಷ್ಟೇ, ಉಳಿದುದನ್ನೆಲ್ಲ ಕತ್ತರಿಸಿದ್ದರು. ನಾಗೇಶ ಕತ್ತಲಲ್ಲಿ ಕನ್ನಡಕ ತೆಗೆದು ಒರೆಸಿಕೊಂಡ. ಕೂಡಲೇ ಹಾಡು ಶುರುವಾಯಿತು. ಜನ ಒಬ್ಬೊಬ್ಬರಾಗಿ ಎದ್ದು ಹೊರಗೆ ಬಂದರು.

ಮರುದಿನ ಅವರಲ್ಲಿ ಹಲವರು ಮತ್ತೆ ಬಂದರು. ಈ ಸಲ ಸಿನಿಮಾ ಶುರುವಾಗಿ ಬಹಳ ಹೊತ್ತಿನ ಮೇಲೆ ಒಳಗೆ ಹೋಗಿ, ಗೇಟಿನ ದೃಶ್ಯ ನೋಡಿ, ಹಾಡು ಬರುತ್ತಲೇ ಎದ್ದರು. ಅದರಾಚೆ ದಿನವೂ ಅದೇ. ‘ಇಂಟರ್‌ವಲ್ಲಿಗೆ ಒಬ್ರೂ ಇರಲ್ಲ, ನನ್ ಸಮೋಸ ಯಾರಿಗೆ ಮಾರ್ಲಿ?’ ಎಂದು ಕ್ಯಾಂಟೀನಿನವನು ಮ್ಯಾನೇಜರ್ ಹತ್ತಿರ ಜಗಳಕ್ಕೆ ನಿಂತ. ಜನ ನೆಟ್ಟಗೆ ಪಾನಿಪುರಿ ಗಾಡಿಗೆ ಹೋಗುತ್ತಿದ್ದರು. ಅಲ್ಲಿ ಹಳೆಯ ಲೈನ್‌ನವರೆಲ್ಲ ಸುತ್ತ ನಿಂತು, ಯಾರ ಮಗಳಿಗೆ ಮದುವೆಯಾಯಿತು, ಯಾರಿಗೆ ಗಣಿಯ ಧೂಳಿನ ಕೆಮ್ಮು ಇನ್ನೂ ಬಿಟ್ಟಿಲ್ಲ ಎಂದು ಮೂರು ಭಾಷೆಯಲ್ಲಿ ಮಾತಾಡುತ್ತಿದ್ದರು.

ರೈಲಿನಲ್ಲಿ ಸ್ನೇಹಿತರು ನಾಗೇಶನನ್ನು ಬಿಡಲಿಲ್ಲ. ‘ಅದ್ಯಾತಕ್ಕೆ ನಿನ್ನ ವಿಮರ್ಶೆ ಬರ್ಲಿಲ್ಲ?’ ಎಂದು ಕೇಳಿದರು. ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡಿದ. ಮೊಬೈಲಿನಲ್ಲಿ ಯಾವ ಸಿನಿಮಾವೂ ಓಡುತ್ತಿರಲಿಲ್ಲ.

ಸಿನಿಮಾ ಎತ್ತುವ ಹಿಂದಿನ ಸಂಜೆ ಅವನು ಸ್ಟೇಷನ್ನಿನಿಂದ ಮನೆಗೆ ಹೋಗದೆ ಮೂರನೇ ಸಲ ಥಿಯೇಟರಿಗೆ ಹೋದ, ಪರದೆಯ ಮೇಲೆ ಗೇಟು ಮುಚ್ಚುವುದನ್ನು ನೋಡಿ ಹೊರಗೆ ಬಂದ. ಗಾಡಿಯ ಹತ್ತಿರ ಚಿಕ್ಕವೆಂಕಟಮ್ಮ ಎಲೆ ದೊನ್ನೆ ಹಿಡಿದು ನಿಂತಿದ್ದಳು.

‘ಲೋ ನಾಗ, ದಿಟ ಯೋಳು. ನಿನ್ ಪ್ರಕಾರ ಈ ಸಿನ್ಮಾ ಒಳ್ಳೇದಾ, ಕೆಟ್ಟದಾ?’

‘ಕೆಟ್ಟದು ಕಣಮ್ಮ. ಬಲು ಕೆಟ್ಟದು.’

‘ಮತ್ಯಾಕ್ಲಾ ಮೂರ್ ಕಿತ ಬಂದೆ?’

ಗಾಡಿಯವನು ಆಗತಾನೆ ಪುರಿಗೆ ಪಾನಿ ತುಂಬಿ ನಾಗೇಶನ ಕೈಗೆ ಕೊಟ್ಟಿದ್ದ. ನಾಗೇಶ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಇನ್ನೊಂದು ಪುರಿಗೆ ಕೈ ಒಡ್ಡಿದ.