ಬುಟೀಬೋರಿಯವರೆಗೆ

ಶವದ ವ್ಯಾನು ಧರಮಪೇಠದ ಇಕ್ಕಟ್ಟಾದ ಗಲ್ಲಿಯೊಳಗೆ ಹಿಂದು ಹಿಂದಕ್ಕೆ ಸರಿಯುತ್ತ ಬರುತ್ತಿತ್ತು. ದತ್ತು ಅದರ ಹಿಂದೆ ನಿಂತು, "ಯೇವೂ ದ್ಯಾ, ಯೇವೂ ದ್ಯಾ" ಎಂದು ಮರಾಠಿಯಲ್ಲಿ ಕೂಗುತ್ತ, ಬರಲಿ ಬರಲಿ ಎಂದು ಡ್ರೈವರನಿಗೆ ಕೈ ಬೀಸುತ್ತಿದ್ದ. ಆಗಲೇ ಗಲ್ಲಿಯ ಬಾಯಲ್ಲಿ ತಾಳದ ಸದ್ದು ಕೇಳಿಸಿತು. ಬಿಳಿ ಟೊಪ್ಪಿಗೆಯ ಗಂಡಸರು, ಮಾಸಿದ ಒಂಬತ್ತುವಾರಿ ಸೀರೆಯ ಹೆಂಗಸರು, ಎಲ್ಲ ಸೇರಿ ಹನ್ನೊಂದು ಜನ ವ್ಯಾನಿನ ಪಕ್ಕದ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಅಂಗಳಕ್ಕೆ ಬಂದರು. ಪ್ರತಿ ವರ್ಷ ಜ್ಯೇಷ್ಠದಲ್ಲಿ ಇತವಾರಿಯಿಂದ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ದಿಂಡಿಯವರು ಅವರು. ಇವರನ್ನು ಕರೆದವರು ಯಾರೆಂದು ದತ್ತುವಿಗೆ ತಿಳಿಯಲಿಲ್ಲ.

ಎಲ್ಲರಿಗಿಂತ ಮುಂದೆ ಗಂಗೂಬಾಯಿ. ಇತವಾರಿಯ ಕಾಳಿನ ಪೇಟೆಯಲ್ಲಿ ಕಾಳು ಹಸನು ಮಾಡಿ ಹೊಟ್ಟೆ ಹೊರೆಯುವ ಹೆಂಗಸು. ಹುಟ್ಟೂರು ಸೊಲ್ಲಾಪುರ, ಹೀಗಾಗಿ ಬಾಯಲ್ಲಿ ಕನ್ನಡವಿತ್ತು.

"ಗಾಡಿ ಕಳಸ್ರಿ ತಮ್ಮಾ," ಎಂದಳು. "ನಮ್ಮ ದಿಂಡ್ಯಾಗ ತುಳಸಿ ಮಾಲಿ ಹಾಕ್ಕೊಂಡು ಹೆಜ್ಜಿ ಇಟ್ಟಾಕಿನ್ನ ಗಾಡ್ಯಾಗ ಒಯ್ಯೂದಿಲ್ಲ. ನಾವ ಹೊರತೀವಿ, ಹಾಡಕೋತ."

ದತ್ತು ನಯವಾಗಿಯೇ ಹೇಳಿ ನೋಡಿದ. ಅಂಬಾಝರಿಯ ಸ್ಮಶಾನಘಾಟು ಹತ್ತಿರವೇನಲ್ಲ, ಸೋಮವಾರದ ಟ್ರಾಫಿಕ್ಕು ಬೇರೆ, ಪುರೋಹಿತರು ಹನ್ನೊಂದರೊಳಗೆ ಮುಗಿಸಬೇಕು ಎಂದಿದ್ದಾರೆ. ಅವಳು ಕದಲಲಿಲ್ಲ. ಕೊನೆಗೆ ಅವನು ತಂದೆಯನ್ನು ಕೇಳಲು ಒಳಗೆ ಹೋದ.

ನಡುಮನೆಯಲ್ಲಿ ದತ್ತುವಿನ ತಾಯಿ ಕೃಷ್ಣವೇಣಿಯನ್ನು ಮಲಗಿಸಿದ್ದರು. ಹಸಿರು ಸೀರೆ, ಕೈತುಂಬ ಬಳೆ, ಹಣೆತುಂಬ ಕುಂಕುಮ. ಗಂಡನಿಗಿಂತ ಮೊದಲು ಹೋದಳು, ಪುಣ್ಯವಂತೆ ಎಂದು ಬಂದ ಹೆಂಗಸರೆಲ್ಲ ಹೇಳುತ್ತಿದ್ದರು. ಹಾಗೆ ಹೇಳುವಾಗ ಆ ಗಂಡ ಶಾಮರಾಯರು ಅಲ್ಲೇ ಗೋಡೆಗೆ ಒರಗಿ ಕೂತಿರುವುದು ಅವರಿಗೆ ಅಡ್ಡಿಯಾಗಿ ಕಾಣಲಿಲ್ಲ.

ಶಾಮರಾಯರು ರೈಲ್ವೆ ಟಪಾಲು ಖಾತೆಯಿಂದ ರಿಟೈರಾದವರು. ಬಾಗಲಕೋಟೆಯಿಂದ ಬಂದು ಮೂವತ್ತೊಂದು ವರ್ಷವಾಗಿತ್ತು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಎಂದು ಅವರ ಅಪ್ಪ ಕಲಿಸಿದ್ದರು. ಶಾಮರಾಯರು ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ಮಾತನ್ನು ಆಡುವುದೇ ಬಿಟ್ಟರು. ಸೊಸೆ ವಸುಧಾ ಮೊದಲ ಸಲ ಮನೆಗೆ ಬಂದಾಗ ಮಾವನವರಿಗೆ ಏನೋ ಸಿಟ್ಟು ಬಂದಿದೆ ಎಂದು ಮೂರು ದಿನ ಹೆದರಿಕೊಂಡಿದ್ದಳಂತೆ.

"ಬ್ಯಾಡಂತ ಹೇಳು," ಎಂದರು ಶಾಮರಾಯರು. "ಒಂದ ದಿನ ನಡದು ಅರ್ಧಕ್ಕ ಬಿಟ್ಟು ಬಂದಾಕಿ. ಪಂಢರಪುರದ ತನಕ ನಡದವರ ಮರ್ಯಾದಿ ಇಕಿಗ್ಯಾಕ? ಇದ್ದಿದ್ರ ಇಕೀನೇ ನಾಚತಿದ್ದಳು."

ಗಂಗೂಬಾಯಿ ಅಷ್ಟರಲ್ಲಿ ಹೊಸ್ತಿಲಿಗೆ ಬಂದಿದ್ದಳು.

"ಆಕಿ ಎಲ್ಲಿ ಬಿಟ್ಟು ಬಂದಳ್ರಿ?" ಎಂದಳು. "ನೀವ ಬಂದು ಕರಕೊಂಡು ಹೋದ್ರಿ."

*

ಹನ್ನೊಂದು ವರ್ಷ ಕೃಷ್ಣವೇಣಿ ಕೇಳಿದ್ದಳು. ವರ್ಷಕ್ಕೆ ಒಂದೇ ಸಲ, ಊಟಕ್ಕೆ ಬಡಿಸುವಾಗ: "ಈ ಸಲ ಪಂಢರಪುರದ ವಾರಿಗೆ ಹೋಗಿ ಬರಲೇನು?" ಒಂದು ವರ್ಷ ದತ್ತುವಿನ ಮ್ಯಾಟ್ರಿಕ್, ಒಂದು ವರ್ಷ ಅತ್ತೆಯ ಕಾಯಿಲೆ, ಇನ್ನೊಂದು ವರ್ಷ ಮಗನ ಮದುವೆ. ಶಾಮರಾಯರು ಬೇಡ ಎಂದು ಯಾವತ್ತೂ ಹೇಳಲಿಲ್ಲ. ಕಾರಣ ಹೇಳಿ ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದರು. ಅವಳೂ ಎರಡನೆಯ ಸಲ ಕೇಳಿದವಳಲ್ಲ. ಎಂಬತ್ತಾರನೇ ಇಸವಿಯಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. "ಹೋಗಿ ಬಾ" ಎಂದರು, ಪೇಪರಿನಿಂದ ತಲೆ ಎತ್ತದೆ. ಅವಳಿಗೆ ಆಗ ಐವತ್ತನಾಲ್ಕು.

ಆ ದಿನದ ಮಿಕ್ಕ ಕತೆಯನ್ನು ಗಂಗೂಬಾಯಿಯೇ ಹೇಳಬೇಕಾಯಿತು, ಹೆಣದ ಪಕ್ಕದಲ್ಲಿ ಕೂತು. ಅದಾಗಿ ಎರಡು ವರ್ಷದಲ್ಲಿ ಶಾಮರಾಯರು ಹೆಂಡತಿಯನ್ನು ಅದರ ಬಗ್ಗೆ ಕೇಳಿರಲಿಲ್ಲ.

ಹೊತ್ತು ಹುಟ್ಟುವ ಮೊದಲೇ ಇತವಾರಿ ಬಿಟ್ಟಿದ್ದರು. ವರ್ಧಾ ರಸ್ತೆ ಹಿಡಿದ ಮೇಲೆ ಬಿಸಿಲು ಏರಿತು. ಒಂಬತ್ತು ಗಂಟೆಗೆ ಕೃಷ್ಣವೇಣಿಯ ಚಪ್ಪಲಿಯ ಬಾರು ಹರಿಯಿತು. ಎರಡನ್ನೂ ಕಿತ್ತು ಹೊಲದೊಳಗೆ ಎಸೆದು ಬರಿಗಾಲಲ್ಲಿ ನಡೆದಳು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತಾಗ ಎರಡೂ ಅಂಗಾಲಲ್ಲಿ ಬೊಬ್ಬೆ. ಗಂಗೂಬಾಯಿ ಸೂಜಿಗೆ ದಾರ ಪೋಣಿಸಿ ಬೊಬ್ಬೆಯೊಳಗೆ ಹಾಯಿಸಿ, ನೀರು ಇಳಿಯಲೆಂದು ದಾರವನ್ನು ಅಲ್ಲೇ ಬಿಟ್ಟಳು. ನಡೆಯುವವರೆಲ್ಲ ಮಾಡುವ ಉಪಾಯ ಅದು. ಕೃಷ್ಣವೇಣಿ ಹಲ್ಲು ಕಚ್ಚಿಕೊಂಡು, ಆಮೇಲೆ ನಗಲು ಶುರು ಮಾಡಿದಳು. ಯಾಕೆ ನಗುತ್ತೀ ಎಂದರೆ, ಈ ಹೊತ್ತಿಗೆ ಕುಕ್ಕರು ಇಡಬೇಕಾಗಿತ್ತು, ಇವತ್ತು ಇಡಲಿಲ್ಲ ನೋಡು ಎಂದಳು. ಝುಣಕ ಭಾಕರಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡಳು. ಸಂಜೆಯ ಕಡೆ ದಾಸರ ಪದವೊಂದನ್ನು ಎತ್ತಿಕೊಂಡಳು. ಉಳಿದವರಿಗೆ ಕನ್ನಡ ಬಾರದು. ತಾಳಕ್ಕೇನು ಭಾಷೆ, ಎಲ್ಲರೂ ಹಿಂದೆ ಹಾಡಿದರು. ಇಷ್ಟು ದೊಡ್ಡ ಗಂಟಲು ಆ ಸಣ್ಣ ಹೆಂಗಸಿನಲ್ಲಿ ಎಲ್ಲಿತ್ತು ಎಂದು ಗಂಗೂಬಾಯಿಗೆ ಆಶ್ಚರ್ಯ.

"ನಮಗ ಗೊತ್ತೇ ಇಲ್ಲ, ಅತ್ತೆ ಹಾಡತಿದ್ರಂತ," ಎಂದಳು ವಸುಧಾ ಮೆಲ್ಲಗೆ.

ಬುಟೀಬೋರಿಯ ಶಾಲೆಯಲ್ಲಿ ರಾತ್ರಿಯ ತಂಗು. ಹೊತ್ತು ಮುಳುಗುತ್ತಿತ್ತು. ಕೃಷ್ಣವೇಣಿ ಕಂಬಳಿ ಹಾಸಿ, ನಾಳೆ ತುಳಸಿಯ ಕುಂಡವನ್ನು ತಲೆಯ ಮೇಲೆ ತಾನೇ ಹೊರುತ್ತೇನೆ, ಸರದಿ ಕೊಡಬೇಕು ಎಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದಳು. ಆಗ ಗೇಟಿನಲ್ಲಿ ಶಾಮರಾಯರ ಲ್ಯಾಂಬ್ರೆಟಾ ಸ್ಕೂಟರ್ ನಿಂತಿತು.

"ನಿಮ್ಮನ್ನ ನೋಡಿ ಆಕಿ ಮಾರಿ ಸಣ್ಣದಾತ್ರಿ," ಎಂದಳು ಗಂಗೂಬಾಯಿ. "ಕರೀಲಾಕ ಬಂದಾರ ಅಂದ್ಲು. ಯಾಕಂತ ಕೇಳಿ ಬಾ ಅಂದೆ. ಕೇಳಿದ್ರ ಅವರಿಗೆ ಸಿಟ್ಟು ಬರತದ, ಮನ್ಯಾಗ ಏನರ ಆಗಿರಬೇಕು ಅಂದ್ಲು. ಕಂಬಳಿ ಮಡಚಿದ್ಲು, ಹ್ವಾದ್ಲು. ಹೊಳ್ಳಿ ಸುದ್ದಾ ನೋಡಲಿಲ್ಲ."

ಹೊರಗೆ ವ್ಯಾನಿನ ಡ್ರೈವರ್ ಒಮ್ಮೆ ಹಾರ್ನ್ ಹೊಡೆದು, ತಪ್ಪಾಯಿತೆಂದು ಸುಮ್ಮನಾದ.

ಶಾಮರಾಯರು ಗೋಡೆಯಿಂದ ಬೆನ್ನು ತೆಗೆದು ನೇರ ಕೂತರು.

"ನಾ ಆಕೀನ್ನ ಕರೀಲಿಕ್ಕೆ ಹೋಗಿರಲಿಲ್ಲವ್ವಾ. ಗುಳಿಗಿ ಕೊಡ್ಲಿಕ್ಕೆ ಹೋಗಿದ್ದೆ."

*

ಆ ದಿನ ಮಧ್ಯಾಹ್ನ ಇಳಿದ ಮೇಲೆ ನೀರು ಕುಡಿಯಲು ಹೋದಾಗ ಅವರು ಕಂಡದ್ದು ಅದು: ಹೆಂಡತಿಯ ಬೀಪಿ ಗುಳಿಗೆಯ ಪಟ್ಟಿ ಗೂಡಿನಲ್ಲೇ ಉಳಿದಿತ್ತು. ಒಂದು ತಿಂಗಳ ನಡಿಗೆ, ಈ ಬಿಸಿಲು. ಶಾಮರಾಯರು ಉಣ್ಣಲೂ ಇಲ್ಲ. ಅಂಗಡಿಯಲ್ಲಿ ಇನ್ನೂ ಮೂರು ಪಟ್ಟಿ ಕೊಂಡು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು. ಹಳ್ಳಿ ಹಳ್ಳಿಯಲ್ಲಿ ನಿಲ್ಲಿಸಿ, ದಿಂಡಿ ಎಲ್ಲಿ, ದಿಂಡಿ ಎಲ್ಲಿ ಎಂದು ಕೇಳುತ್ತ ಹೋದರು. ಅಪರಿಚಿತರ ಹತ್ತಿರ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು ಇರಬೇಕು.

ಶಾಲೆಯ ಗೇಟಿನಲ್ಲಿ ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳು ಗಂಟು ಹಿಡಿದು ಬಂದಳು. ಕುಂಟುತ್ತಿದ್ದಳು. ಏನೂ ಹೇಳದೆ ಹಿಂದಿನ ಸೀಟಿನಲ್ಲಿ ಕೂತಳು. ದಣಿದಿದ್ದಾಳೆ, ಸಾಕಾಗಿದೆ ಎಂದುಕೊಂಡರು ಶಾಮರಾಯರು. ಇಷ್ಟಕ್ಕೇ ಸಾಕಾಯಿತೇ ಎಂದು ಕೇಳಿದರೆ ಚುಚ್ಚಿದಂತಾಗುತ್ತದೆ ಎಂದು ಕೇಳಲಿಲ್ಲ. ಮನಸ್ಸಿನ ಮಾತು ಬೇರೆಯೇ ಇತ್ತು, ಅದನ್ನೂ ಹೇಳಿಬಿಡಬೇಕು: ಅವರಿಗೆ ಸಂತೋಷವಾಗಿತ್ತು. ಬೆಳಗಿನಿಂದ ಖಾಲಿಯಾಗಿದ್ದ ಮನೆಗೆ ಹೆಂಡತಿ ಬರುತ್ತಿದ್ದಾಳೆ ಎಂದು ದಾರಿಯುದ್ದಕ್ಕೂ ಖುಷಿಪಟ್ಟರು, ಬಾಯಿ ಬಿಡದೆ.

ಮನೆಗೆ ಬಂದವಳು ಒಂದೊಂದೇ ಕೋಣೆಗೆ ಹೋಗಿ ನೋಡಿದಳು. ದತ್ತು ಚೆನ್ನಾಗಿದ್ದ, ವಸುಧಾ ಚೆನ್ನಾಗಿದ್ದಳು, ಯಾರಿಗೂ ಏನೂ ಆಗಿರಲಿಲ್ಲ. ತನ್ನ ಮನೆಯನ್ನು ಆಸೆಯಿಂದ ನೋಡುತ್ತಿದ್ದಾಳೆ ಎಂದುಕೊಂಡರು ಶಾಮರಾಯರು. ಅವಳು ಅಡಿಗೆಮನೆಗೆ ಹೋಗಿ ಕುಕ್ಕರು ಇಟ್ಟಳು. ಆಮೇಲೆ ಯಾರು ಕೇಳಿದರೂ, ಕಾಲು ಕೈಕೊಟ್ಟವು ಎನ್ನುತ್ತಿದ್ದಳು. ಮುಂದಿನ ಜ್ಯೇಷ್ಠದಲ್ಲಿ ಅವಳು ಕೇಳಲಿಲ್ಲ. ಅದರ ಮುಂದಿನ ಜ್ಯೇಷ್ಠದಲ್ಲೂ.

*

"ಬಾಯಿ ಬಿಟ್ಟು ಒಂದು ಮಾತು ಹೇಳಬಾರದಾಗಿತ್ತೇನ್ರಿ?" ಎಂದಳು ಗಂಗೂಬಾಯಿ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಆಕೀನೂ ಕೇಳಲಿಲ್ಲ."

"ಹನ್ನೊಂದು ವರ್ಷ ಕೇಳ್ಯಾಳಲ್ರಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಬೆಳಗಿನಿಂದ ಕಣ್ಣು ಒದ್ದೆಯಾಗದಿದ್ದ ಶಾಮರಾಯರು ಬಾಯಿಗೆ ಧೋತರದ ಚುಂಗು ಒತ್ತಿಕೊಂಡು ಅತ್ತರು, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ. ದತ್ತು ತಂದೆಯನ್ನು ಹೀಗೆ ಕಂಡಿರಲಿಲ್ಲ. ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ ನಿಂತ. ವಸುಧಾ ಹೋಗಿ ಪಕ್ಕದಲ್ಲಿ ಕೂತಳು.

"ಗಾಡಿ ಕಳಸು," ಎಂದರು ಆಮೇಲೆ. "ನಡದ ಹೋಗೋಣ."

"ಅಪ್ಪಾ, ಲೇಟ್ ಆಗ್ತದ. ಭಟ್ಟರು..."

"ಆಗಲಿ."

ದಿಂಡಿಯ ಗಂಡಸರು ಹೆಗಲು ಬದಲಿಸುತ್ತ ಹೊತ್ತರು. ದತ್ತು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ತಾಳ ಬಡಿಯುವ ಹೆಂಗಸರ ನಡುವೆ ಶಾಮರಾಯರು. ಅವರಿಗೆ ಹಾಡು ಬರುತ್ತಿರಲಿಲ್ಲ. ಸಾಲಿನ ಕೊನೆಗೆ ಬರುವ ದೇವರ ಹೆಸರನ್ನಷ್ಟೇ ಎಲ್ಲರ ಜೊತೆ ಹೇಳಿದರು, ಮೊದಮೊದಲು ತಡವಾಗಿ.

ಕೆರೆಯ ಏರಿಯ ಹತ್ತಿರ ಚಟ್ಟವನ್ನು ಕೆಳಗಿಳಿಸಿದರು. ಅರ್ಧ ದಾರಿಯಲ್ಲಿ ಹೀಗೆ ಒಂದು ಗಳಿಗೆ ಇಳಿಸಿ, ತಲೆಯ ಕಡೆಯವರು ಕಾಲ ಕಡೆಗೆ, ಕಾಲ ಕಡೆಯವರು ತಲೆಯ ಕಡೆಗೆ ಬರುವುದು ರೂಢಿ. ಹೆಂಗಸರು ಇಲ್ಲಿಂದ ಹಿಂದಿರುಗಬೇಕು. ಗಂಗೂಬಾಯಿ ಬಗ್ಗಿ ಕೃಷ್ಣವೇಣಿಯ ಹಣೆಗೆ ದಿಂಡಿಯವರು ಹಚ್ಚಿಕೊಳ್ಳುವ ಕಪ್ಪು ಬುಕ್ಕಿಟ್ಟು ಹಚ್ಚಿದಳು. ಇನ್ನೇನು ಎತ್ತಬೇಕು, ಶಾಮರಾಯರು ಕೈ ಅಡ್ಡ ಹಿಡಿದರು.

ಟಾರು ರಸ್ತೆಯ ಮೇಲೆಯೇ ಮೊಣಕಾಲೂರಿ ಕೂತರು. ಹೆಂಡತಿಯ ಮುಖದ ಹತ್ತಿರ ಬಾಗಿದರು.

"ವೇಣೀ," ಎಂದರು. "ದಣದೀಯೇನ? ಮನೀಗೆ ಹೋಗೋಣೋ, ಇನ್ನೂ ಮುಂದ ನಡೀತೀಯೋ? ನಿನ್ನ ಮನಸಿನ್ಯಾಗ ಏನದ, ಹೇಳು."

ಚಟ್ಟಕ್ಕೆ ಕೈ ಹಚ್ಚಿದ್ದವರು ಕೈ ಹಿಂದಕ್ಕೆ ತೆಗೆದುಕೊಂಡರು. ತಾಳ ನಿಂತಿತು. ಹಿಂದೆ ಬಂದು ನಿಂತಿದ್ದ ಸಿಟಿ ಬಸ್ಸಿನ ಡ್ರೈವರ್ ಇಂಜಿನ್ ಆರಿಸಿದ. ಶಾಮರಾಯರು ತಲೆಯನ್ನು ಇನ್ನಷ್ಟು ತಗ್ಗಿಸಿ, ಅವಳ ತುಟಿಯ ಹತ್ತಿರ ಕಿವಿ ಇಟ್ಟುಕೊಂಡು ಕೂತೇ ಇದ್ದರು.