ಟೈಲರಮ್ಮನ ಕೈ

ಟೈಲರಮ್ಮನಿಗೆ ಕೈ ಆಡಿಸದೆ ಮಾತೇ ಬಾರದು. ಕುತ್ತಿಗೆ ಎಷ್ಟು ಇಳಿಯಬೇಕು, ತೋಳು ಎಲ್ಲಿ ನಿಲ್ಲಬೇಕು, ಪಕ್ಕದ ಮನೆಯವಳ ಜಂಬ ಎಷ್ಟೆತ್ತರ, ಎಲ್ಲವನ್ನೂ ಕೈಯಲ್ಲೇ ತೋರಿಸುವವಳು. ಕೆಳಗಿನ ಕೋರ್ಟಿನ ಕಟಕಟೆಯಲ್ಲೂ ಹಾಗೇ ಸಾಕ್ಷಿ ನುಡಿದಿದ್ದಳು. ಒಂದು ಕೈ ಕಿವಿಯ ಮೇಲೆ, ಇನ್ನೊಂದು ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತ. ಅಳಿಯ ಫೋನಿನಲ್ಲಿ ಮಾತಾಡುತ್ತಲೇ ಕಾರನ್ನು ಅಡ್ಡರಸ್ತೆಗೆ ತಿರುಗಿಸಿದ್ದ. ಎದುರಿಗೆ ಬಂದ ಸ್ಕೂಟರು ಅವನ ಕಣ್ಣಿಗೇ ಬೀಳಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅತ್ತೆಯ ಕಣ್ಣಿಗೆ ಬಿತ್ತು. ಸ್ಕೂಟರಿನಲ್ಲಿದ್ದ ನರ್ಸು ಇವತ್ತಿಗೂ ಊರುಗೋಲು ಹಿಡಿದೇ ನಡೆಯುತ್ತಾಳೆ.

ಅಳಿಯನ ವಿರುದ್ಧ ಅತ್ತೆಯ ಸಾಕ್ಷಿ! ನೆಂಟರೆಲ್ಲ ಬಾಯಿಗೆ ಬಂದಂತೆ ಆಡಿಕೊಂಡರು. ಇದ್ದ ಒಬ್ಬ ಮಗಳು ಮಾತು ಬಿಟ್ಟಳು. ಅಳಿಯನ ಮೇಲೆ ಹಗೆ ಇದೆಯಾ ಎಂದು ಅವನ ವಕೀಲ ಅಂದು ಕೇಳಿದ್ದಕ್ಕೆ ಇವಳು ಮುಖಕ್ಕೆ ಹೊಡೆದಂತೆ ಹೇಳಿದ್ದಳು: "ಇದೆ ಸ್ವಾಮಿ. ಅವನನ್ನ ಕಂಡ್ರೆ ನಂಗಾಗಲ್ಲ. ಹಾಗಂತ ನೋಡದೇ ಇರೋದನ್ನ ನೋಡಿದೆ ಅನ್ನೋಕಾಗುತ್ತಾ?" ನ್ಯಾಯಾಧೀಶರು ನಂಬಿದರು. ತಪ್ಪು ಅಳಿಯನದೇ ಎಂದು ತೀರ್ಪಾಯಿತು. ಅಳಿಯ ಮೇಲ್ಮನವಿ ಹಾಕಿದ.

ಈಗ ಮೇಲಿನ ಕೋರ್ಟಿನ ಕೊನೆಯ ಬೆಂಚಿನಲ್ಲಿ ಅವಳು. ಇಲ್ಲಿ ಸಾಕ್ಷಿಯನ್ನು ಯಾರೂ ಕರೆಯುವುದಿಲ್ಲ. ಅಂದು ಟೈಪಾದ ಕಾಗದ ಓದುತ್ತಾರೆ, ಅಷ್ಟೆ. ಬರುವುದೇ ಬೇಡ ಎಂದಿದ್ದಳು ನರ್ಸಿನ ವಕೀಲೆ. "ನನ್ನನ್ನ ಸುಳ್ಳುಗಾತಿ ಅಂತ ಕರೆಯೋವಾಗ ನಾನು ಮನೇಲಿ ಕಾಜಾ ಹಾಕ್ತಾ ಕೂತಿರ್ಲಾ?" ಎಂದು ಇವಳು ಬಂದೇ ಬಿಟ್ಟಿದ್ದಳು.

ಅಳಿಯನ ವಕೀಲ ಕಾಗದ ಎತ್ತಿ ರಾಗವಾಗಿ ಓದಿದ. "'ಫೋನು ಹೀಗೆ ಹಿಡ್ಕೊಂಡಿದ್ದ, ಹೀಗೆ ತಿರುಗಿಸಿದ, ಆ ಹುಡುಗಿ ಹೀಗೆ ಹೋಗಿ ಬಿದ್ಲು.' ಹೀಗೆ ಅಂದ್ರೆ ಹೇಗೆ, ಸ್ವಾಮಿ? ಇದು ಸಾಕ್ಷಿಯೋ ಒಗಟೋ? ಹಗೆ ಇದೆ ಅಂತ ತಾನೇ ಒಪ್ಪಿಕೊಂಡಿರೋ ಹೆಂಗಸು!"

ಟೈಲರಮ್ಮನ ಕೈ ತನ್ನಷ್ಟಕ್ಕೆ ಕಿವಿಗೆ ಹೋಯಿತು. ಹಿರಿಯ ನ್ಯಾಯಮೂರ್ತಿಗಳು ಕನ್ನಡಕ ಸರಿಸಿ ನೋಡಿದರು.

"ಅಮ್ಮಾ, ಇಲ್ಲಿ ಸಾಕ್ಷಿ ಹೇಳೋ ಹಾಗಿಲ್ಲ. ಕೈಯಲ್ಲೂ ಹೇಳೋ ಹಾಗಿಲ್ಲ."

ಎಲ್ಲರೂ ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೇ ಕೂತಳು. ತಲೆ ಮಾತ್ರ ತಗ್ಗಿಸಲಿಲ್ಲ. ತಪ್ಪು ಮಾಡಿದವನೇ ತಲೆಯೆತ್ತಿ ಕೂತಿರುವಾಗ ಇವಳೇಕೆ ತಗ್ಗಿಸಬೇಕು? ಮುಂದಿನ ಸಾಲಿನಿಂದ ಮಗಳು ಒಮ್ಮೆ ತಿರುಗಿ ನೋಡಿದಳು. ಅಮ್ಮನ ಕೈ ಸುಮ್ಮನಿದ್ದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನ್ಯಾಯಮೂರ್ತಿಗಳು ವಕೀಲನತ್ತ ತಿರುಗಿದರು. "ಹೀಗೆ ಅಂದ್ರೆ ಹೇಗೆ ಅಂತ ನಮಗೂ ಗೊತ್ತಿಲ್ಲ. ಕೆಳಗಿನ ನ್ಯಾಯಾಧೀಶರಿಗೆ ಗೊತ್ತು. ಅವರು ಆ ಕೈ ನೋಡಿದಾರೆ, ಮುಖ ನೋಡಿದಾರೆ. ನಾವು ನೋಡಿರೋದು ಬರೀ ಕಾಗದ. ಹಗೆಯನ್ನೂ ತೂಗಿ ನೋಡಿ, ಕಾರಣ ಬರೆದೇ ನಂಬಿದಾರೆ. ಅದು ತಪ್ಪು ಅಂತ ಎದ್ದು ಕಾಣೋದು ಏನಾದ್ರೂ ಇದ್ರೆ ತೋರಿಸಿ."

ವಕೀಲ ಹಾಳೆ ಮಗುಚಿದ, ಮತ್ತೆ ಮಗುಚಿದ. ಮೇಲ್ಮನವಿ ವಜಾ ಆಯಿತು.

ಹೊರಗೆ ಅಳಿಯ ಯಾರ ಮುಖವನ್ನೂ ನೋಡದೆ, ಫೋನು ಕಿವಿಗಿಟ್ಟು, ದಡದಡ ಮೆಟ್ಟಿಲಿಳಿದ. ಮಗಳು ಅಮ್ಮನಿಗೆ ಅಡ್ಡ ನಿಂತಳು.

"ಈಗ ಸಂತೋಷನಾ? ನೋಡ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಟೈಲರಮ್ಮ ಜೋಮು ಹಿಡಿದ ಕೈಯನ್ನು ಕಷ್ಟಪಟ್ಟು ಎತ್ತಿ, ಕೆಳಗೆ ನಿಂತಿದ್ದ ಕಾರನ್ನು ತೋರಿಸಿದಳು.

"ಆ ಮುಂದಿನ ಸೀಟು ನೋಡೇ. ಅವತ್ತು ಖಾಲಿ ಇತ್ತು. ದಿನಾ ಅದರಲ್ಲಿ ಕೂರೋಳು ನೀನು. ನಿಂಗೂ ಕಾರು ಓಡಿಸೋಕೆ ಬರುತ್ತೆ, ಆದ್ರೂ ಬಾಯಿ ಮುಚ್ಕೊಂಡು ಕೂರ್ತೀಯ. ನಾನು ನೋಡ್ಲಿಲ್ಲ ಅಂತ ಹೇಗೆ ಹೇಳ್ಲಿ? ನೀನು ಮಾತಾಡದಿದ್ರೂ ಪರವಾಗಿಲ್ಲ. ಬದುಕಿರು."

ಕೆಳಗೆ ಹಾರ್ನ್ ಹೊಡೆದುಕೊಳ್ಳತೊಡಗಿತು. ಮಗಳು ಮೆಟ್ಟಿಲಿಳಿದು ಹೋದಳು. ಕಾರಿನ ಸುತ್ತ ಬಂದು ಸ್ಟೀರಿಂಗ್ ಮುಂದೆ ಕೂತಿದ್ದ ಗಂಡನ ಕಡೆಯ ಬಾಗಿಲು ತೆಗೆದಳು. ಅವನ ಫೋನು ಇನ್ನೂ ಕಿವಿಯಲ್ಲೇ ಇತ್ತು.

"ಇಳೀರಿ," ಎಂದು ಅವಳು ಕೈಯಲ್ಲಿ ತೋರಿಸಿದಳು. "ಹೀಗೆ, ಆ ಕಡೆ. ಕೀ ಕೊಡಿ."