ನಾ ಮುಟ್ಟದ ರಿಮೋಟು

ಮುಟ್ಟಿಲ್ಲ ಅಂದ್ರ ಮುಟ್ಟಿಲ್ಲ. ಅವತ್ತು ಈ ಮಾತು ಹೇಳಿ ಹೇಳಿ ನನ್ನ ನಾಲಿಗಿ ಒಣಗಿತ್ತು. ಉಮಾವತಿ ಅಕ್ಕಾರು ಮಾತ್ರ ನಡದ ಮ್ಯಾಲೆ ಕೈ ಇಟ್ಟು, ನೀನಽ ಕೆಡವೀದಿ ತಿಪ್ಪವ್ವಾ, ಒಪ್ಪಿಕೊಂಡ್ಬಿಡು ಅಂತ ಒಂದಽ ಹಟ ಹಿಡದಿದ್ರು.

ಮರಾಠಿ ಸೀಮ್ಯಾಗ, ಧನಕವಡಿಯ ಆ ಬಿಲ್ಡಿಂಗಿನ್ಯಾಗ ನಾಲ್ಕು ಮನಿ ಕಸಾ-ಭಾಂಡಿ ನಂದು. ನಮ್ಮ ಕಡಿ ಹೆಣ್ಮಗಳು, ಕೈ ಸ್ವಚ್ಛ ಅಂತ ಹೇಳಿ ನಾಲ್ಕೂ ಮನಿ ಕೊಡಿಸಿದವರು ಇದಽ ಅಕ್ಕಾರು. ಅವರ ಬಾಯಿ ತಿರುಗಿದ್ರ ನಾಲ್ಕೂ ಬಾಗಿಲಾ ಮುಚ್ಚಿದಂಗ. ನನ್ನ ಗಂಡ ಹುಸೇನಪ್ಪ ಸ್ಲ್ಯಾಬ್ ಮ್ಯಾಲಿಂದ ಬಿದ್ದು ಕಾಲು ಮುರಕೊಂಡು ಮೂರು ತಿಂಗಳಾಗಿತ್ತು. ನಮ್ಮ ಒಲಿ ಹತ್ತೂದು ಆ ನಾಲ್ಕು ಮನಿ ಮ್ಯಾಲೆ.

ಎಂಬತ್ತೆಂಟನೇ ಇಸ್ವಿ ಅದು. ಅಕ್ಕಾರ ಯಜಮಾನ್ರು ಸಾಹೇಬ್ರು ದಸರಾಕ್ಕಂತ ಬಣ್ಣದ ಟೀವ್ಹಿ ತಂದಿದ್ರು, ಕುಂತಲ್ಲೇ ಹಚ್ಚೂ ರಿಮೋಟಿಂದು. ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕ ರಬ್ಬರ್ ಬ್ಯಾಂಡು. ಬಂದವರೆಲ್ಲಾ ನೋಡೂದು, ಮನಿಯವರಷ್ಟಽ ಮುಟ್ಟೂದು. ನಾನಂತೂ ಅದರ ಸನೇಕ ಕಸಬರಗಿನೂ ಒಯ್ತಿರಲಿಲ್ಲ.

ಖಂಡೇ ಪೂಜಿ, ಅಂದ್ರ ಆಯುಧ ಪೂಜಿ, ಮರುದಿನ ಮುಂಜಾನೆ ರಿಮೋಟ್ ಒತ್ತಿದ್ರ ಟೀವ್ಹಿ ಹತ್ತಲಿಲ್ಲ. ಸೆಲ್ ಬದಲಿ ಮಾಡಿದ್ರು, ಹೊಳ್ಳಿಸಿ ಹಾಕಿದ್ರು, ಸ್ಪ್ರಿಂಗ್ ತಿಕ್ಕಿದ್ರು, ಅಂಗೈಗೆ ಬಡದು ನೋಡಿದ್ರು. ಊಹೂಂ. ಹಿಂದಿನ ದಿನ ಆ ಖೋಲಿ ಒರಸಿದಾಕಿ ನಾನು. ಮುಗೀತಲ್ಲ! ನಾ ಬರೂದರಾಗ ಅಕ್ಕಾರು ಕೆಳಗಿನ ಮನಿ ರಂಗೂಬಾಯಿ ಮುಂದನೂ ಹೇಳಿ ಬಂದಿದ್ರು. ರಂಗೂಬಾಯಿ ಬಾಗಿಲು ಅರ್ಧಾ ತಗದು, ಇವತ್ತು ಬ್ಯಾಡ ಅಂತ ಮರಾಠಿಯೊಳಗ ಅಂದು ಹಾಕ್ಕೊಂಡ್ಲು. ಒಂದು ಮನಿ ಹೋದಂಗಽ ಆತು.

ಮೆಕ್ಯಾನಿಕ್ ಬಂದ. ಅವ ಬಿದ್ದದ ಅಂದ್ರ ನಾಳಿಂದ ಬರಬ್ಯಾಡ ಅಂತ ಅಕ್ಕಾರು ಮೊದಲಽ ಹೇಳಿಟ್ಟಿದ್ರು. ಅಡಗಿಮನಿ ಬಾಗಲದಾಗ ನಿಂತೆ. ಬಂದವನಽ "ಪಡಲಾ ಹೋತಾ ಕಾ?" ಅಂದ, ಬಿದ್ದಿತ್ತೇನು ಅಂತ. ಅಕ್ಕಾರು ನನ್ನ ಕಡೆ ಬೊಟ್ಟು ಮಾಡಿದ್ರು.

ಅವ ಸ್ಕ್ರೂ ಬಿಚ್ಚಿ ನೋಡಿದ. ಆಮ್ಯಾಲೆ ಅಕ್ಕಾರ ಅತ್ತಿ ಶಿವಗಂಗವ್ವ ಆಯಿಯ ಟ್ರಾನ್ಸಿಸ್ಟರ್ ರೇಡಿಯೋ ಇಸಕೊಂಡು, ಸ್ಟೇಶನ್ ಇಲ್ಲದ ಕಡೆ ತಿರುವಿಟ್ಟು, ಅದರ ಬಾಜೂಕ ರಿಮೋಟ್ ಒತ್ತಿದ. ಕರ್ ಕರ್ ಅಂತು. ರಿಮೋಟ್ ಜೀವಂತ ಅದ, ಎಲ್ಲೂ ಬಿದ್ದಿಲ್ಲ ಅಂದ. ನಾ ಉಸಿರು ಬಿಟ್ಟೆ. ಬಿಡೂದರಾಗ ಅವನಽ ಅಂದ, ಹಂಗಾದ್ರ ಟೀವ್ಹಿದು ರಿಮೋಟ್ ನೋಡೂ ಕಣ್ಣು ಹೋಗೇತಿ, ಅಂಗಡಿಗೆ ಒಯ್ಬೇಕು.

ಟೀವ್ಹಿ ಒರಸಾಕಿನೂ ಇಕಿನಽ ಅಂದ್ರು ಅಕ್ಕಾರು.

ಕಣ್ಣು ಎಲ್ಲಿರತದ ಅಂತ ಮರಾಠಿಯೊಳಗ ಕೇಳಿದೆ. ಅವ ದೂರದಿಂದಽ ಸ್ಕ್ರೂಡ್ರೈವರ್ ತೋರಿಸಿದ. ಪಡದೆದ ಕೆಳಗ ಚೋಟುದ್ದ ಕರೀ ಗಾಜು. ಅದರ ಮ್ಯಾಲೆ ಸರೀ ಮೂರು ಗೆರಿ ವಿಭೂತಿ, ನಡಬರಕ ಕುಂಕುಮ, ಗ್ವಾಡಿಗೆ ಮೆತ್ತಿದ ಸುಣ್ಣದಂಗ ದಪ್ಪಗ ಒಣಗಿತ್ತು. ಖಂಡೇ ಪೂಜಿಯೊಳಗ ಆಯಿ ಹಚ್ಚಿದ್ದು. ಎಲ್ಲಾರಿಗೂ ಕಾಣತಿತ್ತು, ಆದ್ರ ಪೂಜಿದು ನೋಡ್ರಿ, ಯಾರಿಗೂ ಅಡ್ಡ ಅನಿಸಿರಲಿಲ್ಲ.

ಇದನ್ನ ಒರಸ್ರಿ ಅಂದೆ. ಮೆಕ್ಯಾನಿಕ್ ಕೈ ಮುಗದು ಹಿಂದ ಸರದ. ಅಕ್ಕಾರು ಅತ್ತಿ ಮಾರಿ ನೋಡಿದ್ರು.

"ಸೀಗಿ ಹುಣ್ಣಿಮಿ ತನಕ ಅದನ್ನ ಒರಸಬಾರದು," ಅಂದ್ಲು ಆಯಿ. "ಒರಸಿದ್ರ ಮನಿಗೆ ಕೇಡು."

ಹುಣ್ಣಿಮಿಗೆ ಇನ್ನೂ ಐದು ದಿನ. ಅಲ್ಲೀತನಕ ನಾಲ್ಕು ಮನಿಯೊಳಗ ಒಂದೂ ಉಳೀತಿರಲಿಲ್ಲ. ಒರಸಿದ ಮ್ಯಾಲೂ ಹತ್ತಲಿಲ್ಲಂದ್ರ, ಮುರದಾಕಿನೂ ನಾನು, ಕೇಡು ತಂದಾಕಿನೂ ನಾನು. ಆಯಿ ಕಾಲು ಮುಟ್ಟಿ, "ಕೇಡು ನನಗಽ ಇರಲಿ, ಆಯಿ" ಅಂದೆ. ಸೆರಗಿನ ತುದಿ ತೊಯ್ಸಿಕೊಂಡು ಗಾಜು ಒರಸಿದೆ.

ಮೆಕ್ಯಾನಿಕ್ ರಿಮೋಟ್ ನನ್ನ ಕೈಯಾಗಽ ಇಟ್ಟು ಒತ್ತು ಅಂದ. ಹಗೂರ ಇತ್ತು. ಹಿಂದ ಮುಂದ ತಿರುವಿದೆ, ಎಷ್ಟೊಂದು ಗುಂಡಿ.

"ಯಾವುದು ಒತ್ತೂದ್ರಿ, ಅಕ್ಕಾರ?"

ಅಕ್ಕಾರು ನನ್ನ ಕೈ ನೋಡಿದ್ರು. ರಿಮೋಟ್ ತಲಿಕೆಳಗ ಹಿಡದಿದ್ದೆ. ಅವರ ಮಾರಿ ಸಣ್ಣದಾತು. ಬಂದು, ರಿಮೋಟ್ ಸರೀ ಮಾಡಿ, ಕೆಂಪು ಗುಂಡಿ ತೋರಿಸಿದ್ರು.

ಒತ್ತಿದೆ. ಹತ್ತಿತು. ಕಾರ್ಯಕ್ರಮ ಇನ್ನೂ ಶುರು ಆಗಿರಲಿಲ್ಲ, ಬರೇ ಬಿಳೇ ಚುಕ್ಕಿ, ಸರ್ರ್ ಅಂತ ಸಪ್ಪಳ. ನನಗ ಅಳು ಬಂತು.

ಛಲೋ ಆತು ಬಿಡು, ಎಲ್ಲಾರಿಗೂ ಚಾ ಇಡು ಅಂದ್ರು ಅಕ್ಕಾರು. ಅಷ್ಟಽ. ನಾ ರಿಮೋಟ್ ಚೀಲದಾಗ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಅವರ ಕೈಗೆ ಕೊಟ್ಟೆ. ಒಲಿ ಕಡೆ ಹೋಗಲಿಲ್ಲ, ಹೊಸ್ತಿಲದ ಬಾಜೂಕ ನೆಲದ ಮ್ಯಾಲೆ ಕುಂತೆ.

"ಚಾ ಇಡತೀನ್ರಿ, ಅಕ್ಕಾರ. ಮುಂಜಾನೆ ರಂಗೂಬಾಯಾರಿಗೆ ಹೇಳಿ ಬಂದ್ರೆಲ್ಲ, ಈಗ ಇದನ್ನೂ ಹೇಳಿ ಬರ್ರಿ. ಅಲ್ಲೀತನಕ ಕುಂತಿರತೀನಿ."

ಮೆಕ್ಯಾನಿಕ್ ಸ್ಕ್ರೂ ಬಿಗಿ ಮಾಡಕೋತ ತಲಿ ತಗ್ಗಿಸಿದ. ಅಕ್ಕಾರು ಚಪ್ಪಲಿ ಮೆಟ್ಟಿಕೊಂಡ್ರು. ಅವರು ಪಾವಟಿಗಿ ಇಳಿಯೂದು ಕೇಳಿದೆ, ಕೆಳಗ ರಂಗೂಬಾಯಿ ಬಾಗಿಲಾ ಬಡಿಯೂದೂ ಕೇಳಿದೆ. ಆಮ್ಯಾಲೆ ಎದ್ದು ಚಾಕ್ಕ ನೀರಿಟ್ಟೆ.